ಬೋರಲಿಟ್ಟ ಗ್ಲಾಸು

ವಾಡಿ ಜಂಕ್ಷನ್ನಿನ ಹೊರಗೆ, ಗೂಡ್ಸ್ ಶೆಡ್ಡಿನ ಬೆನ್ನಿಗೆ,
ಸಿಮೆಂಟಿನ ಧೂಳು ಕುಡಿದು ಬೆಳ್ಳಗಾದ ಬೋರ್ಡು.
ಓದಲು ಉಳಿದದ್ದು ಎರಡೇ ಅಕ್ಷರ: ಲೋಕೋ.
ನನ್ನ ಗಾಡಿ ಎರಡೂವರೆ ತಾಸು ಲೇಟು,
ಏಪ್ರಿಲ್ಲಿನ ರಾತ್ರಿ, ಪ್ಲಾಟ್‌ಫಾರ್ಮಿನ ಬೆಂಚು ಇನ್ನೂ ರೊಟ್ಟಿ ಹಂಚು.
ಒಳಗೆ ಹೋದೆ.

ಮಾಡಿನಿಂದ ಇಳಿಬಿಟ್ಟ ಗೋಲಿನ ಬಲೆ,
ಬಲೆಯಲ್ಲಿ ಗಾಳಿ ಹೋದ ನಾಲ್ಕು ಚೆಂಡು,
ಒಂಟಿ ಬೂಟು, ಯಾರೋ ಖುಷಿಗೆ ಎಸೆದು ಮರೆತ ಟೋಪಿ.
ಟಿವಿಯಲ್ಲಿ ಯಾವುದೋ ದೂರದ ದೇಶದ ಹಸಿರು ಹುಲ್ಲು.
ಕುಂತವರು ನೋಡುತ್ತಿದ್ದದ್ದು ಬಾಗಿಲನ್ನು.
ನನ್ನನ್ನು.

ಗಲ್ಲೆಯ ಹಿಂದಿನಿಂದ ಸ್ಟೆಲ್ಲಾಬಾಯಿ:
“ಬರ್ರಿ. ಕೂಡೂಕಿಂತ ಮೊದ್ಲ ಹೇಳ್ರಿ, ಯಾವೂರು?”
ಸುಳ್ಳು ನಾಲಿಗೆಯ ತುದಿಗೇ ಇತ್ತು,
ಯಾದಗಿರಿ ಅನ್ನಬಹುದಿತ್ತು, ರಾಯಚೂರು ಅನ್ನಬಹುದಿತ್ತು.
“ಶಹಾಬಾದ್,” ಅಂದೆ.

ಕೇರಂ ಬೋರ್ಡಿನ ಮೇಲೆ ಒಂದು ಬೆರಳು ಹಾಗೇ ನಿಂತಿತು.
ಮುದುಕನೊಬ್ಬ ಟಿವಿಯ ದನಿ ಸಣ್ಣಗೆ ಮಾಡಿದ.
ಆಕೆ ಸ್ಟೂಲು ಹತ್ತಿ, ಕಪಾಟಿನ ಮೇಲಿನ ಸಾಲಿನಿಂದ
ಬೋರಲಿಟ್ಟ ಒಂದೇ ಒಂದು ಗ್ಲಾಸು ಇಳಿಸಿದಳು,
ಸೆರಗಿನಿಂದ ಒರೆಸಿ, ನನ್ನ ಮುಂದೆ ನೆಟ್ಟಗೆ ಇಟ್ಟಳು.
“ಇದು ವೈರಿ ಗ್ಲಾಸು. ಮೊದಲನೇದು ಫುಕಟ್.
ನೀವ್ ಇಲ್ಲಾಂದ್ರ ನಾವು ಯಾರ ಕೈಲಿ ಸೋಲಬೇಕಿತ್ರಿ?”

ಆಮೇಲೆ ಎಲ್ಲ ಸಡಿಲಾಯಿತು. ಕುರ್ಚಿ ಬಂತು,
ಉಳ್ಳಾಗಡ್ಡಿ ಹೆಚ್ಚಿ ಹಾಕಿದ ಹುರಿದ ಶೇಂಗಾ ಬಂತು,
ಹಳೇ ಬ್ಯಾಕ್ ಜಲಾಲಸಾಬ ತನ್ನ ನೋಯುವ ಮೊಣಕಾಲು ಎತ್ತಿಕೊಂಡು ಬಂದ.
“ಕೆಳಗ ನೋಡ್ರಿ, ನಿಮ್ಮೂರ ಫರಸಿ.
ದಿನಾ ತುಳೀತೀವಿ. ಅಷ್ಟಕ್ಕಷ್ಟು ಸೇಡು ತೀರ್ತದ.”

ಮತ್ತೆ ಅವನೇ ತೋರಿಸಿದ, ಗೋಡೆಯ ಫೋಟೋ.
ಇಪ್ಪತ್ತಮೂರು ವರ್ಷದ ಹಿಂದಿನ ಫೈನಲ್ಲು.
ಚೆಂಡು ಬಲೆಯೊಳಗಿದೆ. ಗೋಲಿ ನೆಲದ ಮೇಲಿದ್ದಾನೆ.
ಚೌಕಟ್ಟಿನ ಅಂಚಿಗೆ ಕತ್ತರಿಸಿಹೋದ ಒಬ್ಬ ಮನುಷ್ಯ:
ಬರೀ ಬಲಗೈ, ಕೈಯಲ್ಲಿ ಎತ್ತಿದ ಬಾವುಟ,
ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿದ ಗಡಿಯಾರ.
“ಲೈನ್‌ಮನ್ ಬರಲಿಲ್ಲಂತ ನಿಮ್ಮೂರ ಹುಡುಗನ್ನೊಬ್ಬನ್ನ ನಿಲ್ಸಿದ್ರು.
ಆಫ್‌ಸೈಡ್ ಅಂದ ನೋಡ್ರಿ. ಮುಗೀತು.”

ಮೊದಮೊದಲು ಆ ಕೈ ಮುರೀಲಿ ಅಂದಿದ್ದರಂತೆ.
ಒಂದು ವರ್ಷ ಅದಕ್ಕೆ ಚಪ್ಪಲಿಯಲ್ಲಿ ಹೊಡೆದಿದ್ದರಂತೆ,
ಗಾಜು ಒಡೆದು, ಹೊಸದು ಹಾಕಿಸಿ, ಬಿಲ್ಲು ಹಂಚಿಕೊಂಡರಂತೆ.
ಈಗೀಗ ಯಾರಾದರೂ ಬೈದರೆ ಇನ್ಯಾರಾದರೂ
“ಪಾಪ, ಸಣ್ಣಂವ” ಅನ್ನುತ್ತಾರಂತೆ.

ನಾನು ಎಡಗೈಯಲ್ಲಿ ಕುಡಿದೆ.
ಎಡಗೈಯಲ್ಲೇ ಶೇಂಗಾ ತಿಂದೆ,
ಬಲಗೈ ಟೇಬಲ್ಲಿನ ಕೆಳಗೆ ತೊಡೆಯ ಮೇಲೆ
ಶಾಲೆ ತಪ್ಪಿಸಿದ ಹುಡುಗನ ಹಾಗೆ ಕೂತಿತ್ತು.
ಟಿವಿಯಲ್ಲಿ ಯಾರೋ ಗೋಲು ಹೊಡೆದರು,
ಎಲ್ಲರೂ ಎದ್ದರು, ಜಲಾಲಸಾಬನ ಮೊಣಕಾಲೂ ಎದ್ದಿತು,
ನನ್ನನ್ನೂ ಯಾರೋ ತೋಳು ಹಿಡಿದು ಎಬ್ಬಿಸಿದರು.
ಯಾರು ಗೆದ್ದರು ಅಂತ ಇವತ್ತಿಗೂ ಗೊತ್ತಿಲ್ಲ.

ಹೊರಡುವಾಗ ಸ್ಟೆಲ್ಲಾಬಾಯಿ ಚಿಲ್ಲರೆ ಎಣಿಸುತ್ತ,
ತಲೆಯೆತ್ತದೆ ಕೇಳಿದಳು: “ಟೈಮ್ ಎಷ್ಟಾತ್ರಿ?”
ಬಲಗೈ ತಾನಾಗಿಯೇ ಮೇಲೆ ಬಂತು,
ಮಣಿಕಟ್ಟು ತಾನಾಗಿಯೇ ಹೊರಳಿತು.
“ಹತ್ತೂ ನಲವತ್ತು.”

ಆಕೆ ಗಡಿಯಾರ ನೋಡಲಿಲ್ಲ. ಅದರ ಪಟ್ಟಿ ನೋಡಿದಳು,
ಆಮೇಲೆ ಗೋಡೆ ನೋಡಿದಳು.
ಆ ನೆಲದ ಮೇಲೆ ಬಿದ್ದ ಗೋಲಿಯ ಆಚೆ
ಕಂಬಕ್ಕೆ ಒರಗಿ, ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ
ಒಂಬತ್ತು ನಂಬರಿನ ಅಂಗಿಯವನು
ಆಕೆಯ ಗಂಡ ಅಂತ ಯಾರೂ ನನಗೆ ಹೇಳಿರಲಿಲ್ಲ.
ಹೂವಿನ ಹಾರ ಅವನ ತಲೆಗಷ್ಟೇ ಸಣ್ಣಗೆ ಸುತ್ತಿತ್ತು.

“ಖರೇನ ಇತ್ತೇನ್ರಿ, ಆಫ್‌ಸೈಡ್?”
ದನಿ ನನಗೊಬ್ಬನಿಗೇ ಕೇಳುವಷ್ಟು.
“ಬಿಸಿಲು ಕಣ್ಣಿಗೇ ಹೊಡೀತಿತ್ತು,” ಅಂದೆ.

ಇಪ್ಪತ್ತರ ನೋಟು ವಾಪಸ್ಸು ಕೊಟ್ಟಳು, ಐದು ಇಟ್ಟುಕೊಂಡಳು.
“ಶೇಂಗಾದ್ದು.”
ವೈರಿ ಗ್ಲಾಸು ತೊಳೆದಳು. ನೀರು ಝಾಡಿಸಿದಳು.
ಮೇಲಿನ ಸಾಲಿಗಿಡಲು ಸ್ಟೂಲು ಹತ್ತಲಿಲ್ಲ,
ಉಳಿದ ಗ್ಲಾಸುಗಳ ನಡುವೆ, ಎಲ್ಲದರ ಹಾಗೆ, ಇಟ್ಟಳು.

ದೂರದಲ್ಲಿ ನನ್ನ ಗಾಡಿ ಕೂಗಿತು.
“ಓಡ್ರಿ,” ಅಂದಳು, “ಇದನ್ನರೆ ತಪ್ಪಿಸಬ್ಯಾಡ್ರಿ.”